ಓರೆಯಾದ ಮಣಿ, ಒರೆಸುವ ಬಟ್ಟೆ

ಅಕ್ಟೋಬರ್ ೩

ಗುಬ್ಬೀ,

ನಿನಗೆ ಕೆಲಸ ಸಿಕ್ಕಿತೆಂದು ನಿನ್ನ ಅಮ್ಮ ಫೋನಿನಲ್ಲಿ ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು, ನನ್ನೊಬ್ಬನನ್ನು ಬಿಟ್ಟು. ಕೊನೆಗೆ ಪಕ್ಕದ ಮನೆಯ ಹೊಲಿಗೆಯಾಕೆ ಗೋಡೆಯ ಮೇಲಿಂದ ತಲೆ ಹಾಕಿ, ಕೈಸನ್ನೆ ಮಾಡಿ, "ನಿಮ್ಮ ಅಕ್ಕನ ಮಗಳು ಕರೆಂಟಿನ ಪೆಟ್ಟಿಗೆ ಕಟ್ತಾಳಂತೆ ರೀ!" ಎಂದು ತಿಳಿಸಿಕೊಟ್ಟಳು. ಇಡೀ ಆಯಸ್ಸು ಕಾಲೇಜಿನ ಕಾರ್ಯಾಗಾರದಲ್ಲಿ ಲೇತ್ ಯಂತ್ರದ ಪಕ್ಕ ನಿಂತ ಕಿವಿ ಇದು. ಅದಕ್ಕೆ ಇನ್ನು ಫೋನಿನ ಸಹವಾಸ ಬೇಡ. ನಮ್ಮಿಬ್ಬರ ಮಾತು ಕಾಗದದಲ್ಲೇ ಆಗಲಿ. ಕಾಗದಕ್ಕೆ ಕಿರುಚುವ ಕಷ್ಟವಿಲ್ಲ.

ಎರಡು ತಟ್ಟೆಗಳ ನಡುವೆ ಏಕರೂಪ ವಿದ್ಯುತ್ ಕ್ಷೇತ್ರ ಮಾಡುವುದು ನಿನ್ನ ಕೆಲಸವಂತೆ. ನೀನು ಚಿಕ್ಕವಳಿದ್ದಾಗ ನನ್ನ ಕಾರ್ಯಾಗಾರಕ್ಕೆ ಬಂದು, "ತಟ್ಟೆ ಹತ್ತಿರ ಹೋದ್ರೆ ಜಾಸ್ತಿ ತಳ್ಳುತ್ತೆ ಅಲ್ವಾ ಮಾವ?" ಎಂದು ಕೇಳಿದ್ದೆ. ನಾನು ಹೇಳಿದ್ದು ನೆನಪಿದೆಯೋ ಇಲ್ಲವೋ. ದೀಪದ ಹತ್ತಿರ ಹೋದರೆ ಬಿಸಿ, ದೂರ ಸರಿದರೆ ತಣ್ಣಗೆ. ಆದರೆ ದಿನವೆಲ್ಲ ಬಿಸಿಲು ಕುಡಿದ ಉದ್ದನೆಯ ಗೋಡೆಯ ಮುಂದೆ ಸಂಜೆ ಹೊತ್ತು ನಿಂತು ನೋಡು. ಒಂದು ಹೆಜ್ಜೆ ಹಿಂದೆ ಸರಿದರೂ ಮುಖಕ್ಕೆ ಬಡಿಯುವ ಶಾಖ ಅಷ್ಟೇ. ಗೋಡೆ ಅಗಲವಾಗಿದ್ದು ನೀನು ಅದರ ಅಂಚಿನಿಂದ ದೂರವಿದ್ದರೆ ಆಯಿತು. ಅಗಲದ ತಟ್ಟೆಯೂ ಹಾಗೆ. ಇದಿಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧಕ್ಕೆ ಜನ್ಮ ಸಾಲದು, ಆ ಮಾತು ಬೇರೆ.

ಇದರ ಜೊತೆ ಒಂದು ಉಣ್ಣೆ ಬಟ್ಟೆ ಕಳಿಸಿದ್ದೇನೆ. ಹಳೆಯದು, ಮೆತ್ತಗಿದೆ. ದಿನಾ ಕೆಲಸ ಶುರು ಮಾಡುವ ಮುಂಚೆ ತಟ್ಟೆ, ಅದನ್ನು ಹಿಡಿದು ನಿಲ್ಲಿಸುವ ಆಸರೆ ಎಲ್ಲವನ್ನೂ ಇದರಿಂದ ಒರೆಸು. ನಮ್ಮಲ್ಲಿ ಒರೆಸದೆ ಸ್ವಿಚ್ ಮುಟ್ಟಿದವನಿಗೆ ಆ ದಿನ ಟೀ ಇಲ್ಲ.

ನಿನ್ನ ಮಾವ

ಅಕ್ಟೋಬರ್ ೧೨

ಪ್ರೀತಿಯ ಮಾವ,

ಬಟ್ಟೆ ತಲುಪಿತು. ನೀಲಿ ಗೆರೆ ಚೆನ್ನಾಗಿದೆ. ಒಂದು ಅಂಚಿನಲ್ಲಿ ಹೊಸ ಹೊಲಿಗೆ ಇದೆಯಲ್ಲ, ಹೊಲಿಗೆಯಾಕೆ ಹಾಕಿಕೊಟ್ಟರೇ?

ನನ್ನ ಕೋಣೆ ನೆಲಮಾಳಿಗೆಯಲ್ಲಿದೆ. ಕಿಟಕಿಯಿಲ್ಲ. ಗಾಳಿಯ ತೇವವನ್ನೆಲ್ಲ ಹೀರುವ ಯಂತ್ರ ಮೂಲೆಯಲ್ಲಿ ಸದಾ ಗೊಣಗುತ್ತಿರುತ್ತದೆ, ತುಟಿ ಒಡೆದು ಹೋಗಿದೆ. ತೇವವಿದ್ದರೆ ಹೂವಿನ ಪರಾಗ ಮುದ್ದೆ ಕಟ್ಟುತ್ತದಂತೆ. ಹೌದು, ನಮ್ಮದು ಪರಾಗದ ಕೆಲಸ. ಎದುರುಬದುರು ನಿಂತ ಎರಡು ಲೋಹದ ತಟ್ಟೆಗಳ ನಡುವೆ ಪರಾಗ ಉದುರಿಸುತ್ತಾರೆ. ಒಂದೊಂದು ಕಣ ಎಷ್ಟು ಪಕ್ಕಕ್ಕೆ ವಾಲಿ ಬೀಳುತ್ತದೆಂದು ನೋಡಿ, ಅದು ಎಷ್ಟು ವಿದ್ಯುತ್ತು ಹೊತ್ತಿತ್ತೆಂದು ಲೆಕ್ಕ ಹಾಕುತ್ತಾರೆ. ಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇದ್ದರೆ ತಾನೇ ಲೆಕ್ಕ? ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಇದ್ದರೆ, ವಾಲಿದ್ದು ಪರಾಗದ ಗುಣವೋ ಪೆಟ್ಟಿಗೆಯ ದೋಷವೋ ಯಾರಿಗೆ ಗೊತ್ತು.

ಪರೀಕ್ಷೆಗೆ ಒಂದು ಮಣಿ ಇದೆ. ಪೆನ್ಸಿಲ್ ಪುಡಿ ಬಳಿದ ಹಗುರ ಮಣಿ, ರೇಷ್ಮೆ ಎಳೆಯಲ್ಲಿ ತೂಗುತ್ತದೆ. ಅದಕ್ಕೆ ವಿದ್ಯುತ್ತು ಮುಟ್ಟಿಸಿ, ಮೇಲಿನ ಹಳಿಯಲ್ಲಿ ಜಾರಿಸುತ್ತಾ ಹೋದರೆ ಎಲ್ಲೆಡೆಯೂ ಅಷ್ಟೇ ವಾಲಬೇಕು. ನನ್ನದು ನಡುವೆ ಸರಿಯಾಗಿ ವಾಲಿ, ಅಂಚಿನ ಕಡೆ ಹೋದ ಹಾಗೆ ಕುಡಿದವನಂತೆ ಎಲ್ಲೆಲ್ಲೋ ಬಾಗುತ್ತದೆ.

ನಮ್ಮ ದೊಡ್ಡ ಮೇಡಂ ಕೆಟ್ಟವರಲ್ಲ, ಆದರೆ ನಗುವುದಿಲ್ಲ. "ವರ್ಷದ ಕೊನೆಯೊಳಗೆ ಸರಿ ಮಾಡು. ಆಗದಿದ್ರೆ ಪೆಟ್ಟಿಗೆ ಹೊರಗಿನ ಕಂಪನಿಗೆ ಕೊಡ್ತೀನಿ. ನೀನು ಉಗ್ರಾಣ ನೋಡ್ಕೋ" ಎಂದಿದ್ದಾರೆ. ಉಗ್ರಾಣದಲ್ಲಿ ಬಾಟಲಿ ಎಣಿಸುವುದಕ್ಕೆ ನಾನು ಇಷ್ಟು ದೂರ ಬಂದೆನೇ ಮಾವ?

ಗುಬ್ಬಿ

ಅಕ್ಟೋಬರ್ ೨೦

ಗುಬ್ಬೀ,

ಹೆದರಬೇಡ. ಅಂಚು ಅಂದರೇ ಹಾಗೆ. ಹಟ್ಟಿಯ ಬಾಗಿಲು ತೆಗೆದರೆ ನಡುವಿನ ಕುರಿಗಳು ನೆಟ್ಟಗೆ ನಡೆಯುತ್ತವೆ, ಅಂಚಿನವು ಹುಲ್ಲು ಕಂಡಲ್ಲಿ ಹೊರಕ್ಕೆ ಹೊಟ್ಟೆ ಉಬ್ಬಿಸುತ್ತವೆ. ತಟ್ಟೆಯ ಅಂಚಿನಲ್ಲಿ ಕ್ಷೇತ್ರವೂ ಹಾಗೆ ಉಬ್ಬುತ್ತದೆ. ಕುರಿಗಳಿಗೆ ಏನು ಮಾಡುತ್ತೇವೆ? ಎರಡೂ ಕಡೆ ಬೇಲಿ ಕಟ್ಟುತ್ತೇವೆ.

ಎರಡು ತಟ್ಟೆಗಳ ನಡುವಿನ ಜಾಗದ ಸುತ್ತ ಲೋಹದ ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸು. ಒಂದು ತಟ್ಟೆಯಲ್ಲಿ ವೋಲ್ಟೇಜು ಮಹಡಿಯಷ್ಟು ಎತ್ತರ, ಇನ್ನೊಂದರಲ್ಲಿ ನೆಲ. ನಡುವಿನ ಚೌಕಟ್ಟುಗಳು ಮೆಟ್ಟಿಲು. ಪ್ರತಿ ಮೆಟ್ಟಿಲೂ ಒಂದೇ ಎತ್ತರ ಇರಬೇಕು, ಅದಕ್ಕೆ ಒಂದರಿಂದ ಒಂದಕ್ಕೆ ಒಂದೇ ಅಳತೆಯ ರೆಸಿಸ್ಟರ್ ಹಾಕು. ಮತ್ತೆ ತಟ್ಟೆಯ ಅಂಚನ್ನು ಅರದಿಂದ ತೀಡಿ ಉರುಟು ಮಾಡು. ಚೂಪು ಅಂಚಿನಲ್ಲಿ ಕ್ಷೇತ್ರ ಗುಂಪು ಸೇರಿ ಜಗಳ ತೆಗೆಯುತ್ತದೆ, ಕಿಡಿ ಹಾರುತ್ತದೆ.

ಒರೆಸುತ್ತಿದ್ದೀ ತಾನೇ? ದಿನಕ್ಕೊಂದು ಸಲ ಸಾಲದೇನೋ. ಬೆಳಿಗ್ಗೆಯೂ ಒರೆಸು, ಊಟವಾದ ಮೇಲೂ ಒರೆಸು.

ಹೊಲಿಗೆ ಯಾರು ಹಾಕಿದರೆ ಏನೀಗ? ಬಟ್ಟೆ ಒರೆಸುತ್ತದಲ್ಲ.

ಮಾವ

ನವೆಂಬರ್ ೨

ಪ್ರೀತಿಯ ಮಾವ,

ಬೇಲಿ ಕಟ್ಟಿದೆ. ಅಂಚು ತೀಡಿ ತೀಡಿ ಬೆರಳ ತುದಿ ಸವೆದು, ನನ್ನ ಫೋನು ಈಗ ನನ್ನ ಬೆರಳನ್ನೇ ಗುರುತು ಹಿಡಿಯುತ್ತಿಲ್ಲ. ಚೌಕಟ್ಟುಗಳನ್ನೆಲ್ಲ ನಾಲ್ಕು ಮೂಲೆಯ ಬಿಳಿ ಪ್ಲಾಸ್ಟಿಕ್ ದಂಡಗಳ ಮೇಲೆ ಕೂರಿಸಿದ್ದೇನೆ. ನೋಡಲು ಪಂಜರದ ಹಾಗಿದೆ. "ಗುಬ್ಬಿ ತನಗೇ ಗೂಡು ಕಟ್ಕೊಂಡ್ಳು" ಎಂದು ಮೀಸೆ ನಗುತ್ತಾನೆ. ಮೀಸೆ ಎಂದರೆ ನನ್ನ ಪಕ್ಕದ ಮೇಜಿನವನು. ಮೀಸೆ ಇಲ್ಲ, ಬೆಳೆಸುವ ಪ್ರಯತ್ನದಲ್ಲಿದ್ದಾನೆ.

ಮೊದಲ ದಿನ ಮಣಿ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಸಮ ವಾಲಿತು. ಕುಣಿದುಬಿಟ್ಟೆ. ಮರುದಿನ ಬೆಳಿಗ್ಗೆ ಎಲ್ಲ ಒರೆಸಿ ಮೇಡಂ ಅವರನ್ನು ಕರೆದೆ. ಅವರು ಬಂದು ನಿಂತರು. ಮಣಿ ಹೊರಟಿತು, ಅರ್ಧ ದಾರಿಯಲ್ಲಿ ಹಿಂದಿನ ಮೂಲೆಯ ಕಡೆ ಕತ್ತು ಚಾಚಿತು. ನೀವು ಹೇಳಿದಂತೆ ಊಟವಾದ ಮೇಲೆ ಇನ್ನೊಮ್ಮೆ ಒರೆಸಿ ನೋಡಿದೆ. ಇನ್ನೂ ಕೆಟ್ಟಿತ್ತು. ಮೇಡಂ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ರೆಸಿಸ್ಟರ್ ಎಲ್ಲ ಬಿಚ್ಚಿ ಮತ್ತೆ ಅಳೆದೆ. ಸರಿಯಾಗಿವೆ. ತಟ್ಟೆಗಳ ಅಂತರ ನಾಲ್ಕೂ ಮೂಲೆಯಲ್ಲಿ ಒಂದೇ. ಇನ್ನೇನು ಉಳಿದಿದೆ ಮಾವ?

ಗುಬ್ಬಿ

ನವೆಂಬರ್ ೯

ಗುಬ್ಬೀ,

ದೂಳು. ಬೇರೇನೂ ಅಲ್ಲ. ಆ ದಂಡಗಳ ಮೇಲೆ ಕಣ್ಣಿಗೆ ಕಾಣದ ದೂಳು ಕೂತಿದೆ. ತಟ್ಟೆಗಿಂತ ದಂಡಗಳನ್ನೇ ಗಟ್ಟಿಯಾಗಿ ಉಜ್ಜು, ಬಟ್ಟೆ ಬಿಸಿಯಾಗುವವರೆಗೆ. ಸೋಮಾರಿತನ ಮಾಡಬೇಡ. ಕೈ ನೋಯಿತೆಂದು ನಿಲ್ಲಿಸಿದರೆ ನಿನ್ನ ಅಮ್ಮನ ಮಗಳಾಗುತ್ತೀಯೇ ಹೊರತು ನನ್ನ ಶಿಷ್ಯೆ ಆಗುವುದಿಲ್ಲ. (ಇದನ್ನು ಅವಳಿಗೆ ಓದಿ ಹೇಳಬೇಡ.)

ಮಾವ

ನವೆಂಬರ್ ೨೪

ಪ್ರೀತಿಯ ಮಾವ,

ಜ್ವರ ಬಂದು ಕೆಲವು ದಿನ ಮಲಗಿದ್ದೆ, ಅದಕ್ಕೇ ಉತ್ತರ ತಡವಾಯಿತು. ನಾನಿಲ್ಲದಾಗ ಮೀಸೆ ಪೆಟ್ಟಿಗೆ ನೋಡಿಕೊಂಡ. ವಾಪಸು ಬಂದಾಗ, "ನೀನಿಲ್ದಿದ್ರೆ ಮಣಿ ದಾರದ ಹಾಗೆ ನೆಟ್ಟಗೆ ನಡಿಯುತ್ತೆ ಮಾರಾಯ್ತಿ, ನಿನ್ನ ಕೈಗುಣವೇ ಸರಿಯಿಲ್ಲ!" ಎಂದ. ತಮಾಷೆಗೇ ಅಂದದ್ದು. ಬಚ್ಚಲಿಗೆ ಹೋಗಿ ಅತ್ತು ಬಂದೆ.

ಈಗ ಸರಿಹೋಗಿದೆ. ಕಾರಣ ಚಿಕ್ಕದು, ಬರೆಯುವಂಥದ್ದೇನಲ್ಲ. ಮಣಿ ಸಮನಾಗಿ ವಾಲುತ್ತಿದೆ. ಬಟ್ಟೆ ಜೋಪಾನವಾಗಿದೆ. ನೀವು ಆರೋಗ್ಯ ನೋಡಿಕೊಳ್ಳಿ.

ಗುಬ್ಬಿ

ಡಿಸೆಂಬರ್ ೩

ಗುಬ್ಬೀ,

ನಿನ್ನ ಕಾಗದ ಓದಿದೆ. ಓದುವುದಕ್ಕೇನಿತ್ತು, ಊದಿದರೆ ಹಾರುತ್ತಿತ್ತು. ಸರಿಹೋಯಿತು ಎನ್ನುತ್ತೀ, ಹೇಗೆ ಎನ್ನುವುದಿಲ್ಲ. ಉರುಟು ಅಂಚಿನ ಬಗ್ಗೆ ಪುಟ ತುಂಬಿಸಿದವಳು ಗೆದ್ದ ಸುದ್ದಿಯನ್ನು ಒಂದು ಸಾಲಿನಲ್ಲಿ ಮುಗಿಸುತ್ತಾಳೆಯೇ? ಹೇಳು, ಉಗ್ರಾಣಕ್ಕೆ ಕಳಿಸಿದರಾ? ಕಳಿಸಿದ್ದರೆ ಕಳಿಸಲಿ, ಬಾಟಲಿ ಎಣಿಸುವುದೂ ಕೆಲಸವೇ. ಆದರೆ ನನಗೆ ಸುಳ್ಳು ಹೇಳಬೇಡ. ಹೊಲಿಗೆಯಾಕೆಗೆ ಓದಿ ಹೇಳಿದೆ. "ಹುಡುಗಿ ಏನೋ ಮುಚ್ಚಿಡ್ತಿದಾಳೆ" ಎಂದು ಗೋಡೆಯ ಮೇಲೆ ಬರೆದು ತೋರಿಸಿದಳು, ಸೀಮೆಸುಣ್ಣದಲ್ಲಿ.

ನಾನು ಸುಮ್ಮನೆ ಕೂರುವವನಲ್ಲ. ಅಡುಗೆಮನೆಯ ಎರಡು ದೊಡ್ಡ ತಟ್ಟೆ ತೆಗೆದಿದ್ದೇನೆ. ಕೈಯಲ್ಲಿ ತಿರುಗಿಸಿ ವಿದ್ಯುತ್ತು ಹುಟ್ಟಿಸುವ ನನ್ನ ಹಳೆಯ ಚಕ್ರವೂ ಅಟ್ಟದಿಂದ ಇಳಿದಿದೆ. ನಿನ್ನ ಪೆಟ್ಟಿಗೆಯ ತಮ್ಮನನ್ನು ಇಲ್ಲೇ ಕಟ್ಟಿ, ರೋಗ ಏನೆಂದು ನಾನೇ ಕಂಡುಹಿಡಿಯುತ್ತೇನೆ.

ಮಾವ

ಡಿಸೆಂಬರ್ ೧೫

ಪ್ರೀತಿಯ ಮಾವ,

ಉಗ್ರಾಣಕ್ಕೆ ಕಳಿಸಿಲ್ಲ. ನೀವು ಅಡುಗೆಮನೆಯ ತಟ್ಟೆ ತೆಗೆದು ಪೆಟ್ಟಿಗೆ ಕಟ್ಟುತ್ತಿದ್ದೀರೆಂದು ಓದಿ ನನಗೆ ತಡೆಯಲಾಗಲಿಲ್ಲ. ಬೈದರೂ ಸರಿ, ಹೇಳಿಬಿಡುತ್ತೇನೆ.

ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು ಮಾವ. ಬಟ್ಟೆ. ನೀವು ಕಳಿಸಿದ ಬಟ್ಟೆ.

ಮೀಸೆ ಹಾಗಂದ ದಿನ ಯೋಚಿಸಿದೆ, ನಾನು ಮಾಡುವುದು ಅವನು ಮಾಡದಿರುವುದು ಏನು? ಅವನು ಒರೆಸುವುದಿಲ್ಲ. ತನ್ನ ಮೇಜನ್ನೇ ಒರೆಸಿದವನಲ್ಲ ಅವನು. ಎಲ್ಲರೂ ಊಟಕ್ಕೆ ಹೋದಾಗ ಒಂದೇ ಒಂದು ದಂಡವನ್ನು ಉಜ್ಜಿದೆ. ಮಣಿ ಅದರ ಕಡೆ ತಿರುಗಿತು. ಎದುರಿನ ದಂಡ ಉಜ್ಜಿದೆ. ಅದರ ಕಡೆಯೂ ಬಾಗಿತು. ಆಮೇಲೆ ಎರಡರ ಮೇಲೂ ಬಾಯಿಂದ ಹಾ ಎಂದು ಉಸಿರು ಬಿಟ್ಟೆ. ಉಸಿರಿನ ತೇವ ತಾಗಿದ್ದೇ ತಡ, ಮಣಿ ಹಟ ಬಿಟ್ಟ ಮಗುವಿನ ಹಾಗೆ ತನ್ನ ಜಾಗಕ್ಕೆ ಬಂತು. ಉಣ್ಣೆಯಿಂದ ಪ್ಲಾಸ್ಟಿಕ್ ಉಜ್ಜಿದರೆ ವಿದ್ಯುತ್ತು ಕೂರುತ್ತದೆ, ಶಾಲೆಯಲ್ಲಿ ಬಾಚಣಿಗೆಯಿಂದ ಕಾಗದದ ಚೂರು ಎತ್ತಿದ ಹಾಗೆ. ನೀವು ಕಟ್ಟುತ್ತಿದ್ದ ಕಾಲದಲ್ಲಿ ಆಸರೆಗೆ ಪಿಂಗಾಣಿ ಇತ್ತು, ಕಿಟಕಿಯಿಂದ ತೇವದ ಗಾಳಿ ಬರುತ್ತಿತ್ತು, ಕೂತ ವಿದ್ಯುತ್ತು ತಾನೇ ಜಾರಿ ಹೋಗುತ್ತಿತ್ತು. ನನ್ನ ಕೋಣೆಯಲ್ಲಿ ಅದಕ್ಕೆ ಹೋಗಲು ದಾರಿಯೇ ಇಲ್ಲ. ಈಗ ಸ್ಪಿರಿಟ್ ಹಚ್ಚಿದ ಕಾಗದದಿಂದ ಒರೆಸುತ್ತೇನೆ.

ನಿಮ್ಮ ಮಾತು ತಪ್ಪಾಯಿತು ಎಂದು ನಾನು ಹೇಗೆ ಬರೆಯಲಿ? ತಟ್ಟೆ ಎಂದರೇನೆಂದು ಕಲಿಸಿದವರೇ ನೀವು.

ಇನ್ನೊಂದು ಮಾತು. ಬಟ್ಟೆ ಜೋಪಾನವಾಗಿದೆ ಎಂದದ್ದು ಪೂರಾ ನಿಜವಲ್ಲ. ನಮ್ಮ ಗೇಟಿನ ಕಾವಲುಗಾರ ತಾತ ಕೊರೆಯುವ ಗಾಳಿಯಲ್ಲಿ ಸೀನುತ್ತಾ ಕೂತಿರುತ್ತಾರೆ. ಅವರಿಗೆ ಕೊಟ್ಟೆ. ಕಿವಿಗೆ ಸುತ್ತಿಕೊಳ್ಳುತ್ತಾರೆ. ಹೇಗೂ ಹಳೆಯ ಒರೆಸುವ ಬಟ್ಟೆ ತಾನೇ, ನೀವು ಬೇಸರ ಮಾಡಿಕೊಳ್ಳುವುದಿಲ್ಲ ಅಂದುಕೊಂಡಿದ್ದೇನೆ.

ಗುಬ್ಬಿ

ಡಿಸೆಂಬರ್ ೧೫

ಗುಬ್ಬೀ, ಈ ಕಾಗದ ಸಿಕ್ಕ ಕೂಡಲೇ ಆ ಬಟ್ಟೆಯನ್ನು ಕೋಣೆಯಿಂದ ಆಚೆ ಒಯ್ಯಿ!

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕತೆಯಾಯಿತು ನನ್ನದು. ಪಿಂಗಾಣಿ ಆಸರೆ ಅಂಗಡಿಯಲ್ಲಿ ಸಿಗಲಿಲ್ಲ. ಹೊಲಿಗೆಯಾಕೆ ತನ್ನ ಪ್ಲಾಸ್ಟಿಕ್ ಅಳತೆಪಟ್ಟಿಗಳನ್ನು ಕೊಟ್ಟಳು. ಅವನ್ನು ಬಿಸಿಲಲ್ಲಿ ಒಣಗಿಸಿ, ನಡುವೆ ನಿಲ್ಲಿಸಿ, ಉಣ್ಣೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಚಕ್ರ ತಿರುಗಿಸಿದೆ. ಮಣಿ ತಟ್ಟೆಯನ್ನು ಬಿಟ್ಟು ಅಳತೆಪಟ್ಟಿಯನ್ನು ಮುದ್ದಿಸಲು ಹೋಯಿತು! ಮತ್ತೆ ಒರೆಸಿದೆ, ಇನ್ನೂ ಹೆಚ್ಚು ಮುದ್ದು. ಹೊಲಿಗೆಯಾಕೆ ನನ್ನ ಕೈ ಹಿಡಿದು ಬಟ್ಟೆ ಕಿತ್ತುಕೊಂಡಳು, ಬಾಯಿ ದೊಡ್ಡದಾಗಿ ತೆರೆದು ಒಂದೊಂದೇ ಅಕ್ಷರ ಹೇಳಿದಳು: "ಒ-ರೆ-ಸ-ಬೇ-ಡಿ!" ಬಟ್ಟೆ ಕತ್ತರಿಸುವಾಗ ಅವಳ ಪಟ್ಟಿಗೆ ದಿನಾ ದಾರದ ಚೂರು ಅಂಟುತ್ತದಂತೆ.

ಬೆಳಗ್ಗೆ ಒರೆಸು, ಮಧ್ಯಾಹ್ನ ಒರೆಸು, ಬಿಸಿಯಾಗುವವರೆಗೆ ಉಜ್ಜು ಎಂದು ನಾನೇ ಬರೆದೆ. ಹಳೇ ವೈದ್ಯ ರೋಗ ಹೆಚ್ಚಿದ ಹಾಗೆಲ್ಲ ವಿಷವನ್ನೇ ಎರಡು ಚಮಚ ಕೊಟ್ಟ ಹಾಗೆ. ನಿನ್ನ ಕೈಗುಣ ಸರಿಯಾಗಿದೆ ಮಗಳೇ. ಕೆಲಸ ಹೋಗಿದ್ದರೆ ನಿನ್ನ ಮೇಡಂಗೆ ನಾನು ಬರೆಯುತ್ತೇನೆ, ತಪ್ಪು ಹುಡುಗಿಯದಲ್ಲ, ಮಾವನದು ಎಂದು.

ಆದರೆ ಬಟ್ಟೆಯನ್ನು ಎಸೆಯಬೇಡ. ಟ್ರಂಕಿನಲ್ಲಿ ನಿನ್ನ ಉಡುಪಿನ ಜೊತೆ ಇಡು. ಅದು ಒರೆಸುವ ಬಟ್ಟೆಯಲ್ಲ, ನಿನ್ನ ಅತ್ತೆಯ ಶಾಲು. ಅವಳು ಹೋದ ಮೇಲೆ ಅದನ್ನು ಹೊದೆಯಲೂ ಆಗದೆ, ಕೊಡಲೂ ಆಗದೆ ಇಟ್ಟುಕೊಂಡಿದ್ದೆ. ನೀನು ತಟ್ಟೆಯ ಕೆಲಸಕ್ಕೆ ಸೇರಿದೆ ಎಂದಾಗ ಅರ್ಧ ಕತ್ತರಿಸಿದೆ. ಅಂಚು ಹೊಲಿಸಿದ್ದು ಅದಕ್ಕೇ. ಅವಳು ಇದ್ದಿದ್ದರೆ ನಿನಗೆ ಏನಾದರೂ ಕೊಟ್ಟೇ ಕಳಿಸುತ್ತಿದ್ದಳು. ಮನೆಗೆ ಬಂದವರು ಯಾರು ಸೀನಿದರೂ, ಅಂಚೆಯವನಾಗಲಿ ಹಾಲಿನವನಾಗಲಿ, ಎದ್ದು ಹೋಗಿ ಅದನ್ನೇ ಹೊದಿಸುತ್ತಿದ್ದಳು. ಉಳಿದರ್ಧ ನನ್ನ ಹತ್ತಿರ ಇದೆ.

ಮಾವ

ಡಿಸೆಂಬರ್ ೨೨

ಮಾವ,

ನಮ್ಮ ಕಾಗದಗಳು ದಾರಿಯಲ್ಲಿ ಎದುರುಬದುರಾಗಿ ಹಾದುಹೋಗಿವೆ. ನಿಮ್ಮದನ್ನು ಎರಡು ಸಲ ಓದಿದೆ.

ನನಗೆ ಗೊತ್ತಿರಲಿಲ್ಲ. ದಿನಾ ಅದರಿಂದ ಎಣ್ಣೆ ಒರೆಸಿದ್ದೇನೆ ಮಾವ.

ಬಟ್ಟೆ ವಾಪಸು ಕೇಳೋಣವೆಂದು ಗೇಟಿಗೆ ಓಡಿದೆ. ಬದಲಿಗೆ ಕೊಡಲು ಹೊಸ ಮಫ್ಲರ್ ಕೊಂಡುಕೊಂಡೇ ಹೋದೆ. ಕಾವಲುಗಾರ ತಾತ ಬಟ್ಟೆಯನ್ನು ಕಿವಿ ಮುಚ್ಚಿ ಗಲ್ಲದ ಕೆಳಗೆ ಗಂಟು ಹಾಕಿಕೊಂಡು, ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು. ನನ್ನನ್ನು ನೋಡಿದ್ದೇ, "ಬಾ ತಾಯಿ. ಎಷ್ಟೋ ದಿನ ಆಯ್ತು ಸೀನಿ! ಯಾರು ನೇಯ್ದಿದ್ದೋ, ಅವರ ಹೊಟ್ಟೆ ತಣ್ಣಗಿರ್ಲಿ" ಎಂದರು. ಮಫ್ಲರನ್ನು ನನ್ನ ಕತ್ತಿಗೇ ಸುತ್ತಿಕೊಂಡು ವಾಪಸು ಬಂದೆ.

ಪೆಟ್ಟಿಗೆಯ ವಿಷಯ ಕೇಳಿ. ನಿನ್ನೆ ಮೇಡಂ ಮಣಿಯನ್ನು ತಾವೇ ಜಾರಿಸಿ ನೋಡಿದರು, ಆ ಕಡೆಯಿಂದ ಈ ಕಡೆಗೆ, ಮತ್ತೆ ಈ ಕಡೆಯಿಂದ ಆ ಕಡೆಗೆ. "ಏನು ತಪ್ಪಾಗಿತ್ತು?" ಎಂದರು. "ಜಾಸ್ತಿ ಒರೆಸ್ತಿದ್ದೆ ಮೇಡಂ" ಎಂದೆ. ಅವರು ನಕ್ಕರು. ನಿಜವಾಗಿ. ಮೀಸೆ ಸಾಕ್ಷಿ. ಪೆಟ್ಟಿಗೆ ನನ್ನ ಹತ್ತಿರವೇ ಉಳಿಯುತ್ತದೆ, ನಾನೂ ಪೆಟ್ಟಿಗೆಯ ಹತ್ತಿರ ಉಳಿಯುತ್ತೇನೆ.

ಆದರೆ ಸಂತೋಷ ಪಡಲು ಆಗುತ್ತಿಲ್ಲ. ಶಾಲು ವಾಪಸು ಬೇಕೆಂದರೆ ಒಂದು ಮಾತು ಬರೆಯಿರಿ. ಹೇಗಾದರೂ ಮಾಡಿ ಕೇಳಿ ತರುತ್ತೇನೆ. ಇಲ್ಲದಿದ್ದರೆ ನೀವೇ ಬನ್ನಿ. ಮಣಿಯನ್ನೂ ನೋಡಿದ ಹಾಗಾಗುತ್ತದೆ.

ಗುಬ್ಬಿ

ಜನವರಿ ೧೧

ಗುಬ್ಬೀ,

ನಿನ್ನನ್ನು ನೋಡಿಕೊಂಡು ಸುಖವಾಗಿ ಮನೆ ಸೇರಿದೆ. ಬಸ್ಸಿನಲ್ಲಿ ಪಕ್ಕದವನು ದಾರಿಯುದ್ದಕ್ಕೂ ಏನೋ ಕತೆ ಹೇಳಿದ. ನಾನು ತಲೆಯಾಡಿಸಿದೆ. ಕೊನೆಗೆ ಅವನು ನನ್ನ ಕೈ ಹಿಡಿದು ಅತ್ತ. ಏನಕ್ಕೆ ಒಪ್ಪಿಕೊಂಡೆನೋ ದೇವರಿಗೇ ಗೊತ್ತು.

ನಿನ್ನ ಮಣಿಯನ್ನು ನಾನು ಮರೆಯುವುದಿಲ್ಲ. ಈ ಅಂಚಿನಲ್ಲಿ ಎಷ್ಟು ವಾಲಿತೋ ಆ ಅಂಚಿನಲ್ಲೂ ಅಷ್ಟೇ, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ನನ್ನ ಕಾಲದಲ್ಲಿ ಇಷ್ಟು ಚಂದದ ಕ್ಷೇತ್ರ ನಾನು ಕಟ್ಟಿರಲಿಲ್ಲ. ಅಲ್ಲೇ ಹೇಳಬೇಕಿತ್ತು. ಮೇಡಂ ಎದುರಿಗೆ ಸುಮ್ಮನೆ ತಲೆ ಕೆರೆದುಕೊಂಡೆ. ಪೆಟ್ಟಿಗೆ ನನಗೆ ಹಿಡಿಸಲಿಲ್ಲವೆಂದು ನೀನು ತಿಳಿದೆಯೇನೋ.

ಈಗ ಗೇಟಿನ ವಿಷಯ. ನೀನು ಬಸ್ಸಿನ ಹೊತ್ತು ಕೇಳಲು ಹೋಗಿದ್ದೆಯಲ್ಲ, ಆಗ ನಡೆದದ್ದು. ಊರು ಬಿಡುವಾಗ ಶಾಲಿನ ನನ್ನ ಅರ್ಧವನ್ನು ಗೂಟದಿಂದ ತೆಗೆದು ಕತ್ತಿಗೆ ಸುತ್ತಿಕೊಂಡಿದ್ದೆ. ನಿನ್ನ ಕಾವಲುಗಾರ ತಾತ ನನ್ನ ಕತ್ತು ನೋಡಿದ, ನಾನು ಅವನ ತಲೆ ನೋಡಿದೆ. ಎರಡೂ ಕಡೆ ಅದೇ ನೀಲಿ ಗೆರೆ. ಅವನಿಗೆ ಅರ್ಥವಾಯಿತು. ಗಂಟು ಬಿಚ್ಚಿ, ಮಡಿಸಿ, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

ನಿಜ ಹೇಳುತ್ತೇನೆ, ಅದನ್ನು ಕೇಳಿಯೇ ತರಬೇಕೆಂದು ಹೊರಟು ಬಂದವನು ನಾನು. ಕೈಗೂ ತೆಗೆದುಕೊಂಡೆ. ಬೆಚ್ಚಗಿತ್ತು. ಅವಳು ಹೋದ ಮೇಲೆ ನನ್ನ ಅರ್ಧ ಯಾವತ್ತೂ ಹಾಗೆ ಬೆಚ್ಚಗಿದ್ದಿಲ್ಲ, ಗೂಟಕ್ಕೆ ನೇತಾಡಿ ಎಲ್ಲಿಂದ ಬೆಚ್ಚಗಾದೀತು? ಅಷ್ಟರಲ್ಲಿ ಅವನು ಸೀನಿದ. ಸೀನಿದ್ದು ನನಗೆ ಕೇಳಿಸಲಿಲ್ಲ, ಕಾಣಿಸಿತು.

ಇನ್ನೇನು ಮಾಡಲಿ? ಸೀನಿದವರಿಗೆಲ್ಲ ಹೊದಿಸುತ್ತಿದ್ದವಳ ಜೊತೆ ಅಷ್ಟು ವರ್ಷ ಬಾಳಿದವನು ನಾನು. ಅವನ ಕಿವಿ ಮುಚ್ಚಿ ಗಲ್ಲದ ಕೆಳಗೆ ನಾನೇ ಗಂಟು ಹಾಕಿದೆ. "ನಂಗೆ ಕಿವಿ ಕೇಳೋದಿಲ್ಲ ಮಾರಾಯ, ನಿನಗೆ ಕೇಳುತ್ತೆ. ಕೇಳೋ ಕಿವಿಗೇ ಇರಲಿ" ಎಂದೆ. ಅವನು ಏನೋ ಅಂದ. ಏನೆಂದು ನೀನು ಕೇಳಿ ಬರೆಯಬೇಕು.

ಆದರೆ ಒಂದು ಎಚ್ಚರಿಕೆ. ಮನುಷ್ಯ ಒಳ್ಳೆಯವನೇ, ಆದರೆ ಆ ಶಾಲು ತಲೆಗಿರುವಾಗ ನಿನ್ನ ಪೆಟ್ಟಿಗೆಯ ಹತ್ತಿರ ಮಾತ್ರ ಬಿಟ್ಟುಕೊಳ್ಳಬೇಡ. ನಿನ್ನ ಅತ್ತೆ ಎಲ್ಲಿದ್ದರೂ ಎಲ್ಲರನ್ನೂ ತನ್ನ ಕಡೆಗೆ ಎಳೆದುಕೊಳ್ಳುವವಳು. ಮಣಿ ಪಾಪ, ಎಷ್ಟೆಂದು ತಡೆದೀತು?

ನಿನ್ನ ಮಾವ